ರೂಮ್‌ಮೇಟ್ ಮೂರು ವಾರ ಆದ್ಮೇಲೆ ಹೇಳಿದ್ಲು. ನಾನು ಏನ್ ಮಾಡ್ಬೇಕು, ಏನ್ ಮಾಡಬಾರ್ದು?

ಮಲ್ಲಿಗೆ_ಮೊಗ್ಗು (ಚರ್ಚೆ ಶುರು ಮಾಡಿದವರು)

ಎಲ್ರಿಗೂ ನಮಸ್ತೆ. ಇಷ್ಟು ದಿನ ಇಲ್ಲಿ ಬರೀ ಓದ್ತಿದ್ದೆ, ಬರೀತಿರೋದು ಇದೇ ಮೊದ್ಲು. ಹೆಸರು, ಊರು, ಆಫೀಸು ಯಾವ್ದೂ ಹೇಳಲ್ಲ, ದಯವಿಟ್ಟು ಕೇಳ್ಬೇಡಿ.

ಬೆಂಗಳೂರಲ್ಲಿ ಪಿಜಿಯಲ್ಲಿದೀನಿ. ನನ್ನ ರೂಮಲ್ಲಿರೋ ಹುಡುಗಿಗೆ ಇಪ್ಪತ್ಮೂರು, ಉತ್ತರ ಕರ್ನಾಟಕದ ಕಡೆಯವಳು. ಮೊನ್ನೆ ರಾತ್ರಿ ಕರೆಂಟ್ ಹೋಗಿತ್ತು, ಇಬ್ರೂ ಒಣಗಿದ ಬಟ್ಟೆ ಮಡಚ್ತಾ ಕೂತಿದ್ವಿ, ಇದ್ದಕ್ಕಿದ್ದಂಗೆ ಹೇಳೋಕೆ ಶುರು ಮಾಡಿದ್ಲು. ಮೂರು ವಾರದ ಹಿಂದೆ ಊರಿಗೆ ಹೋದಾಗ ಅವಳ ಮೇಲೆ ಅತ್ಯಾಚಾರ ನಡೆದಿದೆ. ಮಾಡಿದವನು ಮನೆಯವ್ರಿಗೆಲ್ಲ ಬೇಕಾದವನು, ಅವ್ರಮ್ಮ ಎಷ್ಟೋ ಸಲ ಅವನಿಗೆ ಊಟ ಬಡಿಸಿದಾರೆ. ಆಮೇಲೆ ಅವನೇ ಎರಡು ಮೆಸೇಜ್ ಹಾಕಿದಾನೆ, ಯಾರ್ಗೂ ಹೇಳ್ಬೇಡ ಅಂತ.

ನನ್ನ ಬಾಯಿಂದ ಮೊದ್ಲು ಬಂದ ಮಾತು "ಅವತ್ತೇ ಯಾಕೆ ಹೇಳ್ಲಿಲ್ಲ ನೀನು". ಮಡಚ್ತಿದ್ದ ದುಪಟ್ಟಾನ ಅರ್ಧಕ್ಕೇ ಹಿಡ್ಕೊಂಡು ಸುಮ್ಮನಾಗಿಬಿಟ್ಲು. ಆ ಮುಖ ಮರೆಯೋಕಾಗ್ತಿಲ್ಲ ನಂಗೆ. ಎರಡು ದಿನದಿಂದ ಆ ವಿಷ್ಯ ಎತ್ತಿಲ್ಲ. ಕೆಲ್ಸಕ್ಕೆ ಹೋಗ್ತಾಳೆ, ಬರ್ತಾಳೆ, ಊಟ ಮಾತ್ರ ಮುಟ್ಟಲ್ಲ. ಅವತ್ತಿನ ಬಟ್ಟೆ ತೊಳೆದಿಲ್ವಂತೆ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಟ್ರಂಕ್ ಕೆಳಗೆ ಇಟ್ಟಿದಾಳೆ.

ಕಂಪ್ಲೇಂಟ್ ಕೊಡೋಕೆ ತಡ ಆಯ್ತಾ? ಬೆಂಗಳೂರಲ್ಲೇ ಕೊಡಬಹುದಾ, ಊರಿಗೇ ಹೋಗ್ಬೇಕಾ? ಅವ್ರಪ್ಪ ಅಮ್ಮಂಗೆ ನಾನೇ ಫೋನ್ ಮಾಡಿ ಹೇಳ್ಲಾ? ಗೊತ್ತಿರೋರು ಹೇಳಿ.

ರಾಗಿಮುದ್ದೆ

ನಿಮ್ಗೆ ಹೇಳ್ಕೊಂಡಳಲ್ಲ, ಅಂದ್ರೆ ನಿಮ್ಮ ಮೇಲೆ ನಂಬಿಕೆ ಇದೆ. ಇವತ್ತು ರಾತ್ರಿನೇ "ನಾನು ಹಂಗೆ ಕೇಳಬಾರ್ದಿತ್ತು, ತಪ್ಪಾಯ್ತು, ನೀನು ಹೇಳಿದ್ದನ್ನ ನಂಬ್ತೀನಿ" ಅಂತ ಅಷ್ಟೇ ಹೇಳಿ ಸಾಕು. ಉಳಿದಿದ್ದು ಆಮೇಲೆ.

ಎನ್‌ಫೀಲ್ಡ್_ರಾಜ

ಯೋಚ್ನೆ ಏನು ಇದರಲ್ಲಿ? ನೀವೇ ಹೋಗಿ ಕಂಪ್ಲೇಂಟ್ ಕೊಡಿ. ಅವಳಿಗೆ ಧೈರ್ಯ ಬರೋವರ್ಗೂ ಕಾಯ್ತಾ ಕೂತ್ರೆ ಅವನು ಇನ್ನೊಬ್ಳ ತಂಟೆಗೆ ಹೋಗ್ತಾನೆ. ಇಂಥವರನ್ನ ಎನ್‌ಕೌಂಟರ್ ಮಾಡಿ ಬಿಸಾಕ್ಬೇಕು, ಆಗ ಬುದ್ಧಿ ಬರೋದು.

ಕರಿಕೋಟು_ಧಾರವಾಡ

ನೋಡ್ರಿ ಅಕ್ಕಾರ, ನಾ ವಕೀಲಿಕಿ ಮಾಡಾಕತ್ತು ಹದಿನೇಳು ವರ್ಷ ಆತು, ಹಿಂತಾ ಕೇಸಿನ್ಯಾಗ ಹೆಣ್ಮಕ್ಕಳ ಪರ ನಿಂತೀನಿ, ಅದಕ್ಕ ಹೇಳ್ತೀನಿ.

ಮೂರು ವಾರ ಅಂದ್ರ ತಡ ಅಲ್ಲ. ಇಂತಿಷ್ಟು ದಿನದಾಗ ಕೊಡಬೇಕು, ಇಲ್ಲಂದ್ರ ನಡಿಯಂಗಿಲ್ಲ ಅಂತ ಅತ್ಯಾಚಾರದ ಕೇಸಿಗೆ ಯಾವ ಗಡುವೂ ಇಲ್ಲ. ತಡ ಯಾಕ ಆತು ಅಂತ ಎದುರಿನ ವಕೀಲ ಕೇಳೇ ಕೇಳ್ತಾನ, ಅದಕ್ಕ ಖರೇ ಕಾರಣನ ಕಂಪ್ಲೇಂಟಿನ್ಯಾಗ ಬರಸ್ರಿ. ಅಂಜಿಕಿ ಬಂದಿತ್ತು, ಮನ್ಯಾಗ ಹೆಂಗ ಹೇಳಲಿ ಅನ್ನೋದು ತಿಳೀಲಿಲ್ಲ, ಅವ ಮನಿ ಮಂದಿಗೆ ಬೇಕಾದಾವ ಇದ್ದ, ಇಷ್ಟ. ಸ್ಟೇಷನ್ ರೈಟರ್ "ಆರಾಮ ಇರಲಿಲ್ಲ ಅಂತ ಬರೀತೀನಿ ಬಿಡ್ರಿ" ಅಂತ ತನ್ನ ಮನಸಿಗೆ ಬಂದಿದ್ದು ಬರದ್ರ ಬಿಡಬ್ಯಾಡ್ರಿ. ಬರದಿದ್ದನ್ನ ಆಕಿಗೆ ಓದಿ ಹೇಳಬೇಕು, ಆಮ್ಯಾಲೆ ಸಹಿ.

ಹಾಸನದ ಮಾಜಿ ಸಂಸದನ ಕೇಸು ನೆನಪೈತಲ್ಲ. 2021ರಾಗ ನಡದದ್ದಕ್ಕ ಆ ತಾಯಿ ಕಂಪ್ಲೇಂಟ್ ಕೊಟ್ಟಿದ್ದು 2024ರಾಗ. 2025 ಆಗಸ್ಟಿನ್ಯಾಗ ವಿಶೇಷ ಕೋರ್ಟು ಜೀವಾವಧಿ ಶಿಕ್ಷಾ ಕೊಡ್ತು, ಈಗ ಅವ ಅಪೀಲಿಗೆ ಹೋಗ್ಯಾನ. ಆ ಕೇಸಿನ್ಯಾಗ ಎಷ್ಟೋ ದಿನ ಆದ್ಮ್ಯಾಲೆ ತ್ವಾಟದ ಮನ್ಯಾಗ ಸಿಕ್ಕ ಸೀರಿ ಮ್ಯಾಲಿನ ಡಿಎನ್‌ಎ ದೊಡ್ಡ ಸಾಕ್ಷಿ ಆತು. ನಿಮ್ಮ ಗೆಳತಿ ಬಟ್ಟಿ ತೊಳಿದೇ ಇಟ್ಟಾಳಲ್ಲ, ಭಾಳ ಚಲೋ ಕೆಲಸ ಮಾಡ್ಯಾಳ.

ಕಂಪ್ಲೇಂಟ್ ಬೆಂಗಳೂರಾಗ ಕೊಡಬಹುದು. ಜೀರೋ ಎಫ್‌ಐಆರ್ ಅಂತಾರ. ಪೊಲೀಸರು, ಕೋರ್ಟು ಹೆಂಗ ಕೆಲಸ ಮಾಡಬೇಕು ಅಂತ ಹೇಳೋ ಹೊಸಾ ಕಾನೂನು, 2024 ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್, ಅದರ 173ನೇ ಕಲಮಿನ್ಯಾಗ ಇದು ಬರವಣಿಗಿನ್ಯಾಗ ಐತಿ. ಯಾವ ಸ್ಟೇಷನ್ ಆದ್ರೂ ತಗೋಬೇಕು, ಆಮ್ಯಾಲೆ ಅವ್ರ ಸಂಬಂಧಪಟ್ಟ ಸ್ಟೇಷನ್ನಿಗೆ ಕಳಸ್ತಾರ. "ನಮ್ಮ ಲಿಮಿಟ್ಸ್ ಅಲ್ಲ" ಅನ್ನೋಹಂಗಿಲ್ಲ. ಹೇಳಿಕಿ ಬರಕೊಳ್ಳಾಕ ಹೆಣ್ಮಗಳು ಪೊಲೀಸರೇ ಇರಬೇಕು, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ತಗೊಳ್ಳಲಿಲ್ಲ ಅಂದ್ರ ಎಸ್‌ಪಿ ಸಾಹೇಬ್ರಿಗೆ, ಬೆಂಗಳೂರಾಗ ಡಿಸಿಪಿಗೆ ಪೋಸ್ಟಿನ್ಯಾಗ ಕಳಸ್ರಿ, ಅಲ್ಲೂ ಆಗಲಿಲ್ಲ ಅಂದ್ರ ಮ್ಯಾಜಿಸ್ಟ್ರೇಟ್. ಹಿಂತಾ ಕೇಸ್ ಬರಕೊಳ್ಳಾಕ ಒಲ್ಲೆ ಅಂದ ಪೊಲೀಸನಿಗೇ ಅಪರಾಧಕ್ಕ ಶಿಕ್ಷಾ ಹೇಳೋ ಬಿಎನ್‌ಎಸ್ ಕಾನೂನಿನ 199ರಾಗ ಆರು ತಿಂಗಳಿಂದ ಎರಡು ವರ್ಷ ಜೈಲು ಐತಿ, ಇದನ್ನ ಜಗಳಾ ಮಾಡದ ಸಾವಕಾಶ ಒಂದು ಮಾತು ನೆನಪು ಮಾಡಿಕೊಡ್ರಿ, ನಡೀತದ.

ಆ ಮೆಸೇಜ್ ಡಿಲೀಟ್ ಮಾಡಬ್ಯಾಡ್ರಿ, ಅವನಿಗೆ ಬೈದು ಉತ್ತರನೂ ಬರೀಬ್ಯಾಡ್ರಿ. ಸ್ಕ್ರೀನ್‌ಶಾಟ್ ಸಾಲಂಗಿಲ್ಲ, ಆ ಫೋನೇ ಬೇಕಾಕ್ಕತಿ. ಈ ತಿಂಗಳು ಹೊಸ ಫೋನ್ ತಗೊಂಡು ಹಳೇದು ಎಕ್ಸ್‌ಚೇಂಜಿಗೆ ಕೊಟ್ಟೀರಿ ಮತ್ತ.

ಹೆಸರು_ಬೇಡ

ಎನ್‌ಫೀಲ್ಡ್_ರಾಜ ಅವರೇ, ನಿಮ್ಮ ಸಿಟ್ಟು ನಂಗೆ ಅರ್ಥ ಆಗುತ್ತೆ. ಆದ್ರೆ ನೀವು ಹೇಳಿದ ಹಾಗೇ ನಮ್ಮಣ್ಣ ಮಾಡಿದ.

ಹನ್ನೊಂದು ವರ್ಷದ ಹಿಂದಿನ ಮಾತು. ನಾನು ಅತ್ತಿಗೆಗೆ ಹೇಳಿದೆ, ಅತ್ತಿಗೆ ಅಣ್ಣನಿಗೆ ಹೇಳಿದ್ರು, ಅಣ್ಣ ಚಪ್ಪಲಿನೂ ಹಾಕ್ಕೊಳ್ಳದೆ ಸ್ಟೇಷನ್‌ಗೆ ಓಡಿದ. ಒಂದು ಗಂಟೆಗೆ ಜೀಪ್ ಬಂದು ಮನೆ ಮುಂದೆ ನಿಲ್ತು. ಇಡೀ ಓಣಿ ಕಾಂಪೌಂಡ್ ಹತ್ರ. ನಾನು ತಲೆ ಬಾಚ್ಕೊಳ್ತಾ ಇದ್ದೆ, ಅರ್ಧ ಜಡೆಯಲ್ಲೇ ಜೀಪ್ ಹತ್ತಿದೆ. ಅಣ್ಣ ಪ್ರೀತಿಯಿಂದಲೇ ಮಾಡಿದ್ದು, ಇವತ್ತಿಗೂ ಅವನ ಮೇಲೆ ಕೋಪ ಇಲ್ಲ. ಆದ್ರೆ ಅವತ್ತು ನನ್ನನ್ನ ಯಾರೂ ಒಂದು ಮಾತು ಕೇಳಲಿಲ್ಲ. ಆ ಮನುಷ್ಯ ಕೇಳಲಿಲ್ಲ, ನಮ್ಮಣ್ಣನೂ ಕೇಳಲಿಲ್ಲ. ನಾನು ಹೇಳಿಕೆ ಕೊಡೋಕೆ ಕೂತಾಗ ಬಾಯೇ ಬರಲಿಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ಅರ್ಧಂಬರ್ಧ ಹೇಳಿದೆ, ಕೋರ್ಟಲ್ಲಿ ಆ ಅರ್ಧಂಬರ್ಧನೇ ಹಿಡ್ಕೊಂಡು ಎಳೆದಾಡಿದ್ರು. ಅವನು ಬಿಡುಗಡೆ ಆದ.

ಮಲ್ಲಿಗೆ_ಮೊಗ್ಗು, ಅವಳನ್ನ ಕೇಳಿ. ಟೀ ಬೇಕಾ ಅಂತ ಕೇಳೋದ್ರಿಂದ ಶುರು ಮಾಡಿ ಸ್ಟೇಷನ್‌ಗೆ ಹೋಗೋಣ್ವಾ ಅನ್ನೋವರೆಗೂ ಪ್ರತಿಯೊಂದೂ ಕೇಳಿ. ಬೇಡ ಅಂದ್ರೆ ಬೇಡ. ನಾಳೆ ಬೇಕು ಅಂದ್ರೆ ಬೇಕು. ಅವ್ರಪ್ಪ ಅಮ್ಮನಿಗೆ ನೀವಾಗೇ ಫೋನ್ ಮಾಡೋ ಮಾತು ಮನಸ್ಸಿಂದ ತೆಗೆದುಹಾಕಿ.

ಎನ್‌ಫೀಲ್ಡ್_ರಾಜ

ಅಕ್ಕ, ಓದಿ ಸುಮ್ನೆ ಕೂತಿದೀನಿ. ಆ ಕಡೆಯಿಂದ ಯೋಚ್ನೆನೇ ಮಾಡಿರ್ಲಿಲ್ಲ. ಆದ್ರೂ ಕೇಳ್ತೀನಿ, ಅವನು ಇನ್ನೊಬ್ಬರಿಗೆ ಮಾಡಿದ್ರೆ?

ಹೆಸರು_ಬೇಡ

ಆ ಭಾರಾನ ಅವಳ ತಲೆ ಮೇಲೆ ಹಾಕ್ಬೇಡಿ. ಅವನು ಮಾಡೋದಕ್ಕೆ ಅವನು ಹೊಣೆ.

ಬೇಸಾಯಗಾರ_ಮಂಡ್ಯ

ಎಲ್ರೂ ಕಾನೂನು ಹೇಳ್ತಾವ್ರೆ, ಒಪ್ಕೋತೀನಿ. ಆದ್ರೆ ನಂಗೂ ಇಬ್ರು ಹೆಣ್ಮಕ್ಳವ್ರೆ ಕಣ್ರೀ, ಅದಕ್ಕೇ ಕೇಳ್ತೀನಿ, ಬೈಬೇಡಿ. ಕೇಸ್ ಹಾಕುದ್ರೆ ಐದಾರು ವರ್ಸ ಓಡಾಡ್ಬೇಕು, ಊರೆಲ್ಲ ಗೊತ್ತಾಯ್ತದೆ, ನಾಳೆ ಆ ಮಗೀಗೆ ಸಂಬಂಧ ಬರೋದು ಎಂಗೆ? ನಮ್ಮೂರ ಕಡೆ ಹಿರೀಕರು ಕೂತು ಮಾತಾಡಿ, ಅವ್ನ್ನ ಊರು ಬಿಡ್ಸಿ, ದಂಡ ಹಾಕಿ ಮುಗಿಸ್ಬುಡ್ತಾರೆ. ಮಗಳ ಮಾನನಾದ್ರೂ ಉಳೀತದೆ ಅಂತ.

ಕಡಲ_ಗಾಳಿ

ಅಣ್ಣ, ನಿಮಗೆ ಬೈಯುವುದಿಲ್ಲ. ಆದರೆ ಮಾನ ಹೋದದ್ದು ಯಾರದ್ದು ಹೇಳಿ ನೋಡುವ. ಕಳ್ಳತನ ಆದರೆ ಕಳ್ಳನ ಮಾನ ಹೋಗುವುದಲ್ವಾ, ಮನೆಯವರದ್ದಾ? ನಮ್ಮ ಊರಿನಲ್ಲಿ ಒಂದು ಕಡೆ ಹೀಗೆಯೇ ಪಂಚಾಯಿತಿ ಮಾಡಿ ದುಡ್ಡು ಕೊಡಿಸಿದ್ದು ಉಂಟು. ಅವ ಎರಡು ವರ್ಷ ಬಿಟ್ಟು ವಾಪಸ್ ಬಂದ, ಅದೇ ಬಸ್ ಸ್ಟಾಪ್‌ನಲ್ಲಿ ನಿಲ್ಲುತ್ತಾನೆ. ಆ ಹುಡುಗಿ ಈಗ ಎರಡು ಕಿಲೋಮೀಟರ್ ನಡೆದು ಮುಂದಿನ ಸ್ಟಾಪ್‌ಗೆ ಹೋಗಿ ಬಸ್ಸು ಹತ್ತುವುದು ಮಾರಾಯ್ರೆ. ಊರು ಬಿಟ್ಟದ್ದು ಯಾರು ಹಾಗಾದರೆ?

ಕರಿಕೋಟು_ಧಾರವಾಡ

ಅಣ್ಣಾರ, ಅತ್ಯಾಚಾರದ ಕೇಸು ರಾಜಿ ಆಗೋ ಕೇಸ್ ಅಲ್ಲ. ಮನಿ ಮಂದಿ ಒಪ್ಪಿದ್ರೂ, ಮದುವಿ ಮಾಡಿಕೊಡ್ತೀನಿ ಅಂದ್ರೂ ಅಪರಾಧ ಅಪರಾಧನ. ಮಧ್ಯಪ್ರದೇಶದಾಗ ಒಬ್ಬ ಆರೋಪಿಗೆ ಆಕಿ ಮನಿಗೆ ಹೋಗಿ ರಾಖಿ ಕಟ್ಟಿಸ್ಕೋ ಅಂತ ಷರತ್ತು ಹಾಕಿ ಜಾಮೀನು ಕೊಟ್ಟಿದ್ರು, 2021ರಾಗ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡಿ, ಹಿಂಗ ರಾಜಿ ಮಾಡಸೋ ಮಾತು ಕೋರ್ಟುಗಳು ಆಡಬಾರದು ಅಂತ ಹೇಳ್ತು. ಕೋರ್ಟಿಗೇ ಇಲ್ಲದ ಅಧಿಕಾರ ನಮ್ಮೂರ ಕಟ್ಟಿ ಮ್ಯಾಲೆ ಕುಂತವರಿಗೆ ಎಲ್ಲಿಂದ ಬಂತು?

ಊರಿಗೆಲ್ಲ ಗೊತ್ತಾಕ್ಕತಿ ಅನ್ನೋ ಅಂಜಿಕಿಗೂ ಕಾನೂನು ಐತಿ. ಆಕಿ ಹೆಸರು, ಗುರುತು ಸಿಗೋಹಂಗ ಏನರ ಛಾಪಿಸಿದ್ರ, ಹಂಚಿದ್ರ ಬಿಎನ್‌ಎಸ್ 72ರಾಗ ಎರಡು ವರ್ಷದ ತನಕ ಜೈಲು. ವಾಟ್ಸಾಪ್ ಗ್ರೂಪಿಗೂ ಅದ ಕಾನೂನು. ವಿಚಾರಣಿನೂ ಬಾಗಿಲು ಹಾಕ್ಕೊಂಡ ನಡೀತದ, ಕಂಡೋರೆಲ್ಲಾ ಬಂದು ಕುಂದ್ರಾಕ ಬಿಡಂಗಿಲ್ಲ.

ಟಿವಿ_ಬಂದ್

ಕಾನೂನಿದೆ ಸರಿ. ಆ ಮಾಜಿ ಸಂಸದನ ಕೇಸಿನ ವಿಡಿಯೋ ಇದ್ದ ಪೆನ್‌ಡ್ರೈವ್‌ಗಳನ್ನ 2024ರ ಏಪ್ರಿಲ್‌ನಲ್ಲಿ ಹಾಸನದ ಬಸ್ ಸ್ಟ್ಯಾಂಡ್, ಪಾರ್ಕ್ ಎಲ್ಲಾ ಕಡೆ ಎಸೆದು ಹೋದ್ರಲ್ಲ, ಅದರಲ್ಲಿದ್ದ ಹೆಣ್ಮಕ್ಕಳ ಮುಖಾನೂ ಮಸುಕು ಮಾಡಿರ್ಲಿಲ್ಲ. ಎಲೆಕ್ಷನ್ ಗಲಾಟೇಲಿ ಎಷ್ಟು ಜನ ಅದನ್ನ ನೋಡಿ ಫಾರ್ವರ್ಡ್ ಮಾಡಿದ್ರು? ನ್ಯಾಯ ಕೊಡಿಸ್ತೀವಿ ಅನ್ನೋರ ಮೊಬೈಲಲ್ಲೂ ಅದೇ ಇತ್ತು. ಎಷ್ಟೋ ಮನೆಯವರು ಬೀಗ ಹಾಕ್ಕೊಂಡು ಊರೇ ಬಿಟ್ರು. ಈ ವಿಷ್ಯ ನೆನೆದ್ರೆ ಇವತ್ತಿಗೂ ರಕ್ತ ಕುದಿಯುತ್ತೆ ನಂಗೆ.

ಕಾಫಿ_ತೋಟ

ಆ ಕಾಲದಲ್ಲಿ ಯಾವ ಪಕ್ಷದೋರು ಏನು ಮಾಡಿದ್ರು ಅಂತ ನಂಗೂ ಗೊತ್ತು, ಹೇಳ್ಲಾ

ನಿರ್ವಾಹಕರು

ಪಕ್ಷದ ಜಗಳಕ್ಕೆ ಬೇರೆ ಚರ್ಚೆ ಇದೆ, ಇಲ್ಲಿ ಬೇಡ. ಕೆಳಗೆ ಒಬ್ಬರು ತಮ್ಮೂರಲ್ಲಿ ನಡೆದ ಪ್ರಕರಣ ಬರೀತಾ ಹುಡುಗಿಯ ಕಾಲೇಜು, ಓಣಿ ಎರಡೂ ಬರೆದಿದ್ರು, ಆ ಕಾಮೆಂಟ್ ತೆಗೆದಿದ್ದೀವಿ. ಹೆಸರು ಬರೀದಿದ್ರೂ ಗುರುತು ಸಿಗೋ ಹಾಗಿದ್ರೆ ತೆಗೀತೀವಿ.

ಸಿಸ್ಟರ್_ನೈಟ್_ಡ್ಯೂಟಿ

ಡ್ಯೂಟಿ ಮುಗಿಸಿ ಬಂದು ಈಗ ನೋಡಿದೆ. ಜಿಲ್ಲಾಸ್ಪತ್ರೆಯಲ್ಲಿ ನರ್ಸ್ ನಾನು, ಇಪ್ಪತ್ತೆರಡು ವರ್ಷ ಸರ್ವಿಸ್. ಕೇಸಿನ ಮಾತು ಪಕ್ಕಕ್ಕಿಡಿ, ಮೊದ್ಲು ಅವಳ ಮೈ ನೋಡಿ.

ಪೀರಿಯಡ್ಸ್ ಆಗಿದ್ಯಾ ಕೇಳಿದ್ರಾ? ಮೂರು ವಾರ ಆಗಿದೆ, ಯೂರಿನ್ ಟೆಸ್ಟ್ ಮಾಡಿಸ್ಬೇಕು. ಹಂಗೇನಾದ್ರೂ ಆಗಿದ್ರೂ ಗಾಬರಿ ಬೇಡ, ಇಂಥ ಸಂದರ್ಭದಲ್ಲಿ 24 ವಾರದವರೆಗೂ ತೆಗೆಸೋಕೆ ಕಾನೂನಲ್ಲೇ ಅವಕಾಶ ಇದೆ, ಬೇಗ ಆದಷ್ಟೂ ಸುಲಭ. ಎಚ್‌ಐವಿ ಬರದಂಗೆ ಕೊಡೋ ಮಾತ್ರೆ ಇದೆ, 28 ದಿನದ ಕೋರ್ಸು, ಅದನ್ನ 72 ಗಂಟೆ ಒಳಗೇ ಶುರು ಮಾಡ್ಬೇಕು, ಈಗ ಆಗಲ್ಲ. ಆದ್ರೆ ಟೆಸ್ಟ್ ಮಾಡಿಸಬಹುದು, ಸರ್ಕಾರಿ ಆಸ್ಪತ್ರೆ ಐಸಿಟಿಸಿಯಲ್ಲಿ (ಎಚ್‌ಐವಿ ಟೆಸ್ಟ್ ಮಾಡೋ ಕೇಂದ್ರ) ದುಡ್ಡು ಕೊಡೋ ಹಾಗಿಲ್ಲ, ಒಂದ್ಸಲ ಈಗ, ಇನ್ನೊಂದ್ಸಲ ಮೂರು ತಿಂಗಳಾದ್ಮೇಲೆ. ಬೇರೆ ಸೋಂಕಿಗೂ ತೋರಿಸಿ. (ಇದನ್ನ ಓದ್ತಿರೋ ಬೇರೆಯೋರು ನೆನಪಿಟ್ಕೊಳ್ಳಿ, 72 ಗಂಟೆ. ಸ್ನಾನ ಮಾಡಿದ್ರೂ ಬಟ್ಟೆ ಬದಲಾಯಿಸಿದ್ರೂ ಪರ್ವಾಗಿಲ್ಲ, ಬನ್ನಿ.)

ಆ ಬಟ್ಟೆ ಪ್ಲಾಸ್ಟಿಕ್‌ನಲ್ಲಿ ಇಡಬೇಡಿ! ತೇವ ಹಿಡಿದು ಬೂಷ್ಟು ಬರುತ್ತೆ. ಅವಳೇ ತೆಗೀಲಿ, ನೀವು ಮುಟ್ಟಬೇಡಿ, ಒದ್ದೆ ಇದ್ರೆ ಬಿಸಿಲಿಗೆ ಹಾಕ್ದೆ ನೆರಳಲ್ಲಿ ಆರಿಸಿ, ಒಂದೊಂದು ಬಟ್ಟೆ ಒಂದೊಂದು ಪೇಪರ್ ಕವರಿಗೆ. ಕೊಡವೋದು, ಬ್ರಷ್ ಹಾಕೋದು ಮಾಡ್ಬೇಡಿ. ಆ ಪ್ಲಾಸ್ಟಿಕ್ ಕವರನ್ನೂ ಬಿಸಾಕ್ಬೇಡಿ.

ಇನ್ನೊಂದು. ಪೊಲೀಸ್ ಪತ್ರ ತನ್ನಿ, ಆಮೇಲೆ ನೋಡ್ತೀವಿ ಅಂತ ಆಸ್ಪತ್ರೆಯೋರು ಹೇಳೋ ಹಾಗಿಲ್ಲ. 2000ನೇ ಇಸವಿಯಲ್ಲೇ ಕರ್ನಾಟಕದ್ದೇ ಒಂದು ಕೇಸಲ್ಲಿ, ಮಂಜಣ್ಣ ಕೇಸು ಅಂತಾರೆ, ಸುಪ್ರೀಂ ಕೋರ್ಟ್ ಇದನ್ನ ಖಂಡಿಸಿದೆ. ಪ್ರೈವೇಟ್ ಆಸ್ಪತ್ರೆ ಆದ್ರೂ ಫ್ರೀ ಟ್ರೀಟ್‌ಮೆಂಟ್ ಕೊಡ್ಲೇಬೇಕು. ತಪಾಸಣೆಗೆ ಅವಳ ಒಪ್ಪಿಗೆ ಬೇಕೇ ಬೇಕು, ಇದು ಮಾಡಿ ಅದು ಬೇಡ ಅಂತ ಹೇಳೋ ಹಕ್ಕೂ ಅವಳದ್ದು. ಎರಡು ಬೆರಳಿನ ಪರೀಕ್ಷೆ ಅಂತ ಮಾಡ್ತಿದ್ರಲ್ಲ ಹಿಂದೆ, ಅದನ್ನ ಮಾಡಿದ ಡಾಕ್ಟರು ದುರ್ನಡತೆ ಮಾಡಿದ ಹಾಗೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ.

ನಾವು ಮೊದಮೊದ್ಲು ಏನ್ ಮಾಡ್ತಿದ್ವಿ ಅಂದ್ರೆ ಇಂಥ ಹುಡುಗೀರನ್ನ ಹೆರಿಗೆ ವಾರ್ಡಿನ ಬೆಂಚ್ ಮೇಲೆ ಕೂರಿಸ್ತಿದ್ವಿ, ಜಾಗ ಇರ್ಲಿಲ್ಲ. ಹೆರಿಗೆಗೆ ಬಂದೋರ ಮನೆಯೋರೆಲ್ಲ ಇವಳನ್ನೇ ನೋಡೋದು. ಒಂದು ಹುಡುಗಿ ಐದು ಗಂಟೆ ಹೊತ್ತು ಗೋಡೆ ಕಡೆ ಮುಖ ಮಾಡಿ ಕೂತಿದ್ಲು, ನೀರೂ ಕುಡೀಲಿಲ್ಲ. ನಾನು ಆಮೇಲೆ ಡ್ರೆಸ್ಸಿಂಗ್ ರೂಮಿನ ಬೀಗ ತೆಗೆಸಿ ಅಲ್ಲಿ ಕೂರಿಸಿದೆ. ಈಗ ಜಿಲ್ಲಾ ಕೇಂದ್ರದಲ್ಲಿ ಸಖಿ ಸೆಂಟರ್ ಇದೆ, ಮುಂಚೆ ಗೆಳತಿ ಘಟಕ ಅಂತಿದ್ವಿ. ಡಾಕ್ಟ್ರು, ಕೌನ್ಸೆಲರ್, ವಕೀಲರು, ಪೊಲೀಸ್ ಎಲ್ಲಾ ಒಂದೇ ಕಡೆ ಸಿಗೋ ವ್ಯವಸ್ಥೆ, ಬೇಕಾದ್ರೆ ಐದು ದಿನ ಉಳ್ಕೊಳ್ಳಬಹುದು. 181ಕ್ಕೆ ಫೋನ್ ಮಾಡಿದ್ರೆ ಹತ್ತಿರದ್ದು ಯಾವ್ದು ಅಂತ ಹೇಳ್ತಾರೆ. ಎಲ್ಲಾ ಕಡೆ ಸಿಬ್ಬಂದಿ ಸರಿ ಇರಲ್ಲ, ಅದು ನಿಜ, ಆದ್ರೂ ನೇರ ಸ್ಟೇಷನ್ ಮೆಟ್ಟಿಲು ಹತ್ತೋದಕ್ಕಿಂತ ಮೊದ್ಲು ಅಲ್ಲಿಗೆ ಹೋಗೋದು ಮೇಲು.

ಮೇಷ್ಟ್ರು_ಕೋಲಾರ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು. ಒಂದು ಸೇರಿಸ್ತೀನಿ. ಹುಡುಗಿಗೆ ಹದಿನೆಂಟು ತುಂಬಿಲ್ಲ ಅಂದ್ರೆ ಈ "ಅವಳ ಇಷ್ಟ" ಅನ್ನೋ ಮಾತು ಹಾಗೇ ಅನ್ವಯ ಆಗಲ್ಲ. ಪೋಕ್ಸೋ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಯಾರೇ ಆಗ್ಲಿ ತಿಳಿಸ್ಲೇಬೇಕು, ಮೇಷ್ಟ್ರಾದ ನಾವು ಮುಚ್ಚಿಟ್ರೆ ನಮಗೇ ಶಿಕ್ಷೆ. ಮಕ್ಕಳ ಸಹಾಯವಾಣಿ 1098. ಪೊಲೀಸ್ರು ಮಗು ಇರೋ ಕಡೆ, ಯೂನಿಫಾರ್ಮ್ ಇಲ್ದೆ ಬಂದು ಹೇಳಿಕೆ ತಗೋಬೇಕು.

ಹೆಸರು_ಬೇಡ

ಮಗು ಆದ್ರೂ ಹೇಳಿ ಮಾಡಿ ಮೇಷ್ಟ್ರೇ. "ನಾನು ಇದನ್ನ ತಿಳಿಸ್ಲೇಬೇಕು ಮಗಾ, ಯಾರ ಹತ್ರ ಹೇಳ್ತೀನಿ, ಆಮೇಲೆ ಏನಾಗುತ್ತೆ" ಅಂತ ಮೊದ್ಲೇ ಕೂರಿಸಿ ಹೇಳಿ.

ಮೇಷ್ಟ್ರು_ಕೋಲಾರ

ಒಪ್ಪಿದೆ ತಾಯಿ. ಇದನ್ನ ಬರೆದಿಟ್ಕೊಂಡೆ.

ಹಾಲ್ಟ್_ಸ್ಟೇಷನ್

ಗಂಡಸರಿಗೆ ಆದ್ರೆ? ಎಲ್ಲಾ ಚರ್ಚೆಯಲ್ಲೂ ಹೆಣ್ಣು ಹೆಣ್ಣು ಅಂತಾನೇ ಇರುತ್ತೆ. ನಾನು ಕೇಳ್ತಿರೋದು ವಾದಕ್ಕಲ್ಲ.

ಕರಿಕೋಟು_ಧಾರವಾಡ

ತಮ್ಮಾ, ಕೇಳಿದ್ದು ಛಲೋ ಆತು. ಹದಿನೆಂಟರ ಒಳಗಿನ ಹುಡುಗ್ರಿಗೆ ಪೋಕ್ಸೋ ಪೂರ್ತಿ ಅನ್ವಯ ಆಕ್ಕತಿ, ಗಂಡು ಹೆಣ್ಣು ಭೇದ ಇಲ್ಲ. ದೊಡ್ಡವರಾದ ಗಂಡಸರಿಗೆ ಮೊದಲ ಹಳೇ ಕಾನೂನು ಐಪಿಸಿಯ 377ನೇ ಕಲಮು ಇತ್ತು, ಹೊಸಾ ಬಿಎನ್‌ಎಸ್‌ನ್ಯಾಗ ಅದನ್ನ ತಗದಾರ, ಬದಲಿಗೆ ಏನೂ ಇಟ್ಟಿಲ್ಲ. ಈಗ ಹಲ್ಲೆ, ಗಾಯ ಅಂತ ಬ್ಯಾರೆ ಕಲಮು ಹಚ್ಚಬೇಕು. ಇದು ಕಾನೂನಿನ್ಯಾಗ ದೊಡ್ಡ ತೂತು, ನಾ ಎಲ್ಲಾ ಕಡೆ ಹೇಳ್ತೀನಿ. ನಿಮ್ಮ ಸಲುವಾಗಿ ಕೇಳಾಕತ್ತಿದ್ರ ನನಗ ಬ್ಯಾರೆ ಮೆಸೇಜ್ ಮಾಡ್ರಿ, ರೊಕ್ಕದ ಮಾತಿಲ್ಲ.

ಹಾಲ್ಟ್_ಸ್ಟೇಷನ್

ಮಾಡಿದೀನಿ ಸರ್. ಥ್ಯಾಂಕ್ಸ್.

ಎರಡನೇ_ಮಹಡಿ

ನಾನು ಕೋರ್ಟಿಗೆ ಇಂಥ ಹೆಣ್ಮಕ್ಕಳ ಜೊತೆ ಹೋಗಿ ಕೂರ್ತೀನಿ. ಸಂಸ್ಥೆ ಹೆಸರು ಬೇಡ ಬಿಡಿ, ಏಳು ವರ್ಷದಿಂದ ಮಾಡ್ತಿದೀನಿ. ಎಫ್‌ಐಆರ್‌ವರೆಗೂ ಎಲ್ರೂ ಇರ್ತಾರೆ, ಚಾರ್ಜ್‌ಶೀಟ್ ಆದ್ಮೇಲೆ ಯಾರೂ ಇರಲ್ಲ, ಅದಕ್ಕೆ ಬರೀತಿದೀನಿ.

ಕಾನೂನಿನಲ್ಲಿ ಎರಡು ತಿಂಗಳಲ್ಲಿ ತನಿಖೆ ಮುಗಿಸ್ಬೇಕು, ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಅವಳಿಗೆ ತಿಳಿಸ್ಬೇಕು. ಕೇಳಿದ್ರೆ ಹೇಳ್ತಾರೆ, ಕೇಳದಿದ್ರೆ ಇಲ್ಲ. ಹಾಗಾಗಿ ಒಂದು ಫೈಲ್ ಮಾಡಿ, ಎಫ್‌ಐಆರ್ ಪ್ರತಿ, ಆಸ್ಪತ್ರೆ ಚೀಟಿ, ಯಾವತ್ತು ಯಾರ ಹತ್ರ ಏನ್ ಮಾತಾಡಿದ್ರಿ ಎಲ್ಲಾ ತಾರೀಖು ಹಾಕಿ ಬರೆದಿಡಿ. ಅವಳ ಹೇಳಿಕೆ ಪ್ರತಿಯನ್ನ ಸಾಕ್ಷಿಗೆ ಮುಂಚೆ ಪಿಪಿ (ಸರ್ಕಾರದ ಕಡೆ ವಾದಿಸೋ ವಕೀಲರು) ಹತ್ರ ಕೂತು ಅವಳೇ ಓದ್ಕೊಳ್ಳಲಿ. ಎರಡು ವರ್ಷದ ಹಿಂದೆ ಹೇಳಿದ್ದು ಹಾಗೇ ನೆನಪಿರುತ್ತಾ ಯಾರಿಗಾದ್ರೂ? ಸರ್ಕಾರಿ ಪಿಪಿ ಜೊತೆ ಸಹಾಯಕ್ಕೆ ತನ್ನದೇ ವಕೀಲರನ್ನೂ ಇಟ್ಕೊಳ್ಳಬಹುದು. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ, ಕೋರ್ಟ್ ಆವರಣದಲ್ಲೇ ಆಫೀಸ್, ಅಥವಾ 15100.

ನಾನು ಮಾಡೋ ಕೆಲಸ ಬಹಳ ಚಿಕ್ಕದು. ಸಾಕ್ಷಿ ದಿನಕ್ಕಿಂತ ಒಂದು ವಾರ ಮುಂಚೆ ಅವಳನ್ನ ಖಾಲಿ ಕೋರ್ಟ್ ಹಾಲಿಗೆ ಕರ್ಕೊಂಡು ಹೋಗಿ ತೋರಿಸ್ತೀನಿ, ಇಲ್ಲಿ ಜಡ್ಜ್, ಇಲ್ಲಿ ನೀನು ನಿಲ್ಲೋದು, ಕಾಲು ನೋವು ಬಂದ್ರೆ ಕುರ್ಚಿ ಕೇಳು, ಬಾತ್‌ರೂಮ್ ಇಲ್ಲಿದೆ. ಅವನಿಗೂ ಇವಳಿಗೂ ಮಧ್ಯೆ ಪರದೆ ಬೇಕು ಅಂತ ಪಿಪಿ ಕಡೆಯಿಂದ ಮೊದ್ಲೇ ಕೇಳಿಸ್ತೀನಿ. ಆ ದಿನ ಬೇಗ ಹೋಗಿ, ಮೆಟ್ಟಿಲ ಕಡೆ ಬೆನ್ನು ಮಾಡಿ ಕೂರೋ ಬೆಂಚ್ ಹಿಡೀತೀನಿ, ಅವನ ಕಡೆಯೋರು ಅದೇ ಮೆಟ್ಟಿಲು ಹತ್ತಿ ಬರೋದು. ಒಂದು ಕೇಸಲ್ಲಿ ಅವನ ಚಿಕ್ಕಮ್ಮ ಬಂದು ಪಕ್ಕದಲ್ಲೇ ಕೂತು "ಏನವ್ವಾ, ತೆಳ್ಳಗಾಗಿದೀಯಲ್ಲ" ಅಂದ್ಲು, ಅಷ್ಟೇ ಅಂದಿದ್ದು. ಆ ಹುಡುಗಿ ಒಳಗೆ ಹೋಗಿ ಉಲ್ಟಾ ಹೇಳಿಬಿಟ್ಲು. ಜನ ಹಾಸ್ಟೈಲ್ ಆದ್ಲು ಅಂತ ಬೈದ್ರು. ಬೆಂಚಿನ ಮೇಲೆ ಅವಳ ಇನ್ನೊಂದು ಪಕ್ಕ ಖಾಲಿ ಇತ್ತು, ಅವತ್ತು ನಾನು ಜೆರಾಕ್ಸ್ ಮಾಡ್ಸೋಕೆ ಕೆಳಗೆ ಹೋಗಿದ್ದೆ. ಅವತ್ತಿಂದ ಜೆರಾಕ್ಸ್ ಎಲ್ಲಾ ಹಿಂದಿನ ದಿನಾನೇ.

ರಾಗಿಮುದ್ದೆ

ಎರಡು ಸಲ ಓದಿದೆ ಇದನ್ನ.

ಬೇಸಾಯಗಾರ_ಮಂಡ್ಯ

ಈ ಓಡಾಟದ ಖರ್ಚು ಎಂಗೆ ತಾಯಿ? ಕೂಲಿ ಬುಟ್ಟು ಬರೋರು ಏನ್ ಮಾಡ್ಬೇಕು?

ಎರಡನೇ_ಮಹಡಿ

ಒಳ್ಳೇ ಪ್ರಶ್ನೆ ಅಣ್ಣ, ಬಹಳ ಕೇಸು ಇಲ್ಲೇ ಮುರಿದು ಬೀಳೋದು. ಪರಿಹಾರಕ್ಕೆ ಅದೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ನಾಲ್ಸಾ, ಅಂದ್ರೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4 ಲಕ್ಷದಿಂದ 7 ಲಕ್ಷ, ಗುಂಪು ಅತ್ಯಾಚಾರಕ್ಕೆ 5ರಿಂದ 10 ಲಕ್ಷ. ಅವನಿಗೆ ಶಿಕ್ಷೆ ಆಗೋವರ್ಗೂ ಕಾಯ್ಬೇಕಾಗಿಲ್ಲ, ಮಧ್ಯಂತರ ಪರಿಹಾರ ಅಂತ ಮೊದ್ಲೇ ಕೇಳಬಹುದು. ಹುಡುಗಿ ಎಸ್‌ಸಿ ಎಸ್‌ಟಿ ಆಗಿದ್ದು ಮಾಡಿದವನು ಬೇರೆ ಆಗಿದ್ರೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಮಾಜ ಕಲ್ಯಾಣ ಇಲಾಖೆಯಿಂದ ಬರೋದು ಬೇರೆ. ಖಾತೆ ಅವಳ ಹೆಸರಲ್ಲೇ ಇರ್ಲಿ, ಅಪ್ಪ, ಮಾವ, ಅಣ್ಣನ ಖಾತೆ ಬೇಡ.

ಕಾಫಿ_ತೋಟ

ದುಡ್ಡಿಗೋಸ್ಕರ ಕೇಸ್ ಹಾಕ್ತಾರೆ ಅಂತ ಮಾತಾಡೋರಿಗೆ ಇದೇ ಸಾಕಾಗುತ್ತಲ್ವಾ?

ಸಿಸ್ಟರ್_ನೈಟ್_ಡ್ಯೂಟಿ

ರೈಲು ಅಪಘಾತದಲ್ಲಿ ಕಾಲು ಕಳ್ಕೊಂಡೋರು ಪರಿಹಾರ ತಗೊಂಡ್ರೆ ದುಡ್ಡಿಗೋಸ್ಕರ ರೈಲಿಗೆ ಬಿದ್ದ ಅಂತೀವಾ?

ಕಾಫಿ_ತೋಟ

ನಾನು ಹಂಗಂದಿಲ್ಲ ಸಿಸ್ಟರ್, ಅಂಥೋರು ಇದಾರೆ ಅಂದೆ. ಸರಿ, ನಿಮ್ಮ ಮಾತು ನ್ಯಾಯ.

ಟಿವಿ_ಬಂದ್

ಎನ್‌ಕೌಂಟರ್ ಮಾತಿಗೆ ಯಾರೂ ಉತ್ತರ ಕೊಡ್ಲಿಲ್ಲ, ನಾನು ಕೊಡ್ತೀನಿ. 2019ರಲ್ಲಿ ಹೈದರಾಬಾದ್ ಹತ್ರ ಅತ್ಯಾಚಾರದ ನಾಲ್ವರು ಆರೋಪಿಗಳನ್ನ ಪೊಲೀಸರು ಗುಂಡು ಹೊಡೆದು ಸಾಯಿಸಿದ್ರು, ಜನ ಹೂವು ಹಾಕಿದ್ರು, ನಾನೂ ಅವತ್ತು ಸ್ಟೇಟಸ್ ಹಾಕಿದ್ದೆ. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ 2022ರಲ್ಲಿ ಪೊಲೀಸರು ಬೇಕಂತಲೇ ಗುಂಡು ಹೊಡೆದದ್ದು ಅಂತ ವರದಿ ಕೊಟ್ಟಿತು. ಅದು ಒಂದು ಕಡೆ ಇರ್ಲಿ. ದೇಶದ ಅಪರಾಧಗಳ ಲೆಕ್ಕ ಇಡೋ ಎನ್‌ಸಿಆರ್‌ಬಿ ಅಂಕಿಅಂಶ ಪ್ರತಿ ವರ್ಷ ನೋಡಿ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕೇಸಲ್ಲಿ ಮಾಡಿದವನು ಗೊತ್ತಿರೋನೇ. ನೆಂಟ, ಪಕ್ಕದ ಮನೆಯವನು, ಕೆಲಸ ಕೊಟ್ಟವನು. "ಹೇಳಿದ್ರೆ ಅವನನ್ನ ಗುಂಡು ಹೊಡೆದು ಸಾಯಿಸ್ತಾರೆ" ಅಂತಾದ್ರೆ ಯಾವ ಹುಡುಗಿ ಸೋದರಮಾವನ ಮಗನ ಮೇಲೆ ಬಾಯಿ ಬಿಡ್ತಾಳೆ? ಮನೆಯೋರೇ ಬಾಯಿ ಮುಚ್ಚಿಸ್ತಾರೆ.

ಎನ್‌ಫೀಲ್ಡ್_ರಾಜ

ಸರಿ ಅಣ್ಣ. ಆ ಮಾತು ವಾಪಸ್ ತಗೋತೀನಿ.

ಮಲ್ಲಿಗೆ_ಮೊಗ್ಗು

ಇಷ್ಟೊಂದು ಜನ ಬರೀತೀರಿ ಅಂದ್ಕೊಂಡಿರ್ಲಿಲ್ಲ, ಎಲ್ಲಾ ಓದಿದೆ. ನಿನ್ನೆ ರಾತ್ರಿ ಅವಳ ಹತ್ರ ತಪ್ಪಾಯ್ತು ಅಂದೆ. ತುಂಬಾ ಹೊತ್ತು ಅತ್ತಳು, ನಾನೂ ಅತ್ತೆ. ಆಮೇಲೆ ಒಂದು ಮಾತು ಕೇಳಿದ್ಲು, ಅದಕ್ಕೆ ನನ್ ಹತ್ರ ಉತ್ತರ ಇರ್ಲಿಲ್ಲ. "ನಾನು ಕಿರುಚಲಿಲ್ಲ, ಕೈಕಾಲು ಆಡಲೇ ಇಲ್ಲ, ಆಮೇಲೆ ಮನೆಗೆ ಬಂದು ಮಲ್ಕೊಂಡೆ, ನಿದ್ದೆ ಬಂತು. ನಿದ್ದೆ ಹೆಂಗೆ ಬಂತು ನಂಗೆ?"

ಸಿಸ್ಟರ್_ನೈಟ್_ಡ್ಯೂಟಿ

ಅಯ್ಯೋ ಕಂದ. ಮೈ ಮರಗಟ್ಟಿ ಹೋಗುತ್ತೆ ಅಮ್ಮ, ಅದು ಅವಳ ಕೈಯಲ್ಲಿ ಇರಲ್ಲ. ಓಡೋದು, ಹೊಡೆಯೋದು ಇದ್ದ ಹಾಗೇ ಸೆಟೆದು ನಿಲ್ಲೋದೂ ಮೈ ಮಾಡೋ ಕೆಲಸ, ನಾವು ಯೋಚ್ನೆ ಮಾಡಿ ಮಾಡೋದಲ್ಲ. ಹಾವು ಕಂಡಾಗ ಕಾಲು ಕಿತ್ತಿಡೋಕೆ ಆಗದೆ ನಿಂತುಬಿಡ್ತೀವಲ್ಲ, ಹಂಗೆ. ಆಮೇಲೆ ಮೈ ಸೋತು ನಿದ್ದೆ ಬರುತ್ತೆ. ಎಷ್ಟೋ ಜನ ನನ್ನ ಹತ್ರ ಇದನ್ನೇ ಹೇಳಿದಾರೆ, ಅವಳಿಗೆ ಹೇಳಿ.

ಕರಿಕೋಟು_ಧಾರವಾಡ

ನಮ್ಮ ಹೈಕೋರ್ಟಿನ್ಯಾಗ 2020ರ ಜೂನ್‌ದಾಗ ಒಂದು ನಿರೀಕ್ಷಣಾ ಜಾಮೀನು ಆದೇಶದಾಗ, ಸುಸ್ತಾಗಿ ನಿದ್ದಿ ಹೋದೆ ಅಂತ ಆ ಹೆಣ್ಮಗಳು ಹೇಳಿದ್ದು ಭಾರತೀಯ ಹೆಣ್ಣಿಗೆ ಶೋಭಾ ತರೋದಲ್ಲ ಅನ್ನೋ ಅರ್ಥದ ಮಾತು ಬಂದಿತ್ತು. ದೇಶದ ತುಂಬ ವಿರೋಧ ಆತು, ಕೆಲವೇ ದಿನದಾಗ ಆ ಸಾಲು ಆದೇಶದಿಂದ ತಗದ್ರು. ತಪ್ಪು ತಿಳುವಳಿಕಿ ಎಲ್ಲಿ ತನಕ ಐತಿ ನೋಡ್ರಿ, ಆಕಿ ತನ್ನನ್ನ ತಾನ ಬಯ್ಕೊಳ್ಳೋದ್ರಾಗ ಏನು ಆಶ್ಚರ್ಯ. "ನಿದ್ದಿ ಬಂತು" ಅನ್ನೋದನ್ನೂ ಹೇಳಿಕಿನ್ಯಾಗ ಮುಚ್ಚಿಡೋದು ಬ್ಯಾಡ, ನಡದದ್ದು ನಡದಹಂಗ.

ಹೆಸರು_ಬೇಡ

ನಂಗೂ ನಿದ್ದೆ ಬಂದಿತ್ತು. ಅವಳಿಗೆ ಹೇಳಿ, ಇನ್ನೊಬ್ಬಳಿಗೂ ಬಂದಿತ್ತಂತೆ ಅಂತ.

ಇನ್ನೊಂದು ಹೇಳ್ತೀನಿ, ಕೇಸು ಗೆದ್ರೆ ಮನಸ್ಸು ವಾಸಿ ಆಗುತ್ತೆ ಅಂತ ಕಾಯ್ಬೇಡಿ, ಅವೆರಡೂ ಬೇರೆ ಬೇರೆ ದಾರಿ. ನಾನು ಸೋತೆ, ಆದ್ರೂ ಇವತ್ತು ಚೆನ್ನಾಗಿದೀನಿ, ಪೂರ್ತಿ ಅಲ್ಲ, ಬಹಳಷ್ಟು. ಕೌನ್ಸೆಲಿಂಗ್ ಮೊದಲನೇ ಕಡೆ ಸರಿ ಹೋಗ್ಲಿಲ್ಲ, ಅವರು ಕ್ಷಮಿಸಿಬಿಡು ಅಂದ್ರು, ಎದ್ದು ಬಂದೆ. ಎರಡನೇ ಕಡೆ ಒಂದು ವರ್ಷ ಹೋದೆ. ಈಗ 14416 ಇದೆ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ರಾತ್ರಿ ಎರಡು ಗಂಟೆಗೇ ಬೇಕಾಗೋದು. ಸಾಯೋ ಮಾತು ಬಂದ್ರೆ ಮಾತ್ರ ಒಬ್ಬಳನ್ನೇ ಬಿಡ್ಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮತ್ತೆ ಮಲ್ಲಿಗೆ_ಮೊಗ್ಗು, ನೀವೂ ಊಟ ಮಾಡಿ.

ಕಡಲ_ಗಾಳಿ

ಊಟ ಅಂದದ್ದಕ್ಕೆ ನೆನಪಾಯಿತು, ಅವಳಿಗೆ ಗಂಜಿ, ಉಪ್ಪಿನಕಾಯಿ ಕೊಟ್ಟು ನೋಡಿ. ಪಿಜಿ ಊಟ ಸುಖದಲ್ಲಿ ಇರುವವರಿಗೇ ಇಳಿಯುವುದಿಲ್ಲ.

ರಾಗಿಮುದ್ದೆ

ಉತ್ತರ ಕರ್ನಾಟಕದ ಹುಡುಗಿಗೆ ಗಂಜಿ ಯಾಕ್ರೀ, ಜೋಳದ ರೊಟ್ಟಿ ಸಿಗೋ ಖಾನಾವಳಿ ಹುಡುಕಿ.

ಕರಿಕೋಟು_ಧಾರವಾಡ

ನುಚ್ಚು ಮಜ್ಜಿಗಿ. ಬ್ಯಾರೆ ಏನೂ ಬ್ಯಾಡ.

ಮಲ್ಲಿಗೆ_ಮೊಗ್ಗು (ಐದು ದಿನ ಆದ್ಮೇಲೆ)

ಅವಳಿಗೆ ಕೇಳಿಯೇ ಬರೀತಿದೀನಿ. ಇಲ್ಲಿ ಕೆಲವು ಸಾಲು ಅವಳಿಗೆ ಓದಿ ಹೇಳಿದೆ, ಹೆಸರು_ಬೇಡ ಅವರು ಬರೆದದ್ದನ್ನ ಎರಡು ಸಲ ಓದಿಸಿಕೊಂಡ್ಲು. ಸಖಿ ಸೆಂಟರ್‌ಗೆ ಹೋಗಿದ್ವಿ. ಟೆಸ್ಟ್ ಎಲ್ಲಾ ಆಯ್ತು, ಸಿಸ್ಟರ್, ನೀವು ಹೆದರಿದ್ದು ಏನೂ ಇಲ್ಲ, ಮೂರು ತಿಂಗಳಿಗೆ ಇನ್ನೊಂದ್ಸಲ ಬನ್ನಿ ಅಂದಿದಾರೆ. ಬಟ್ಟೆ ಈಗ ನಾಲ್ಕು ಪೇಪರ್ ಕವರಲ್ಲಿದೆ, ಅವಳೇ ಹಾಕಿ ಅವಳೇ ತಾರೀಖು ಬರೆದ್ಲು.

ಕಂಪ್ಲೇಂಟ್ ಇನ್ನೂ ಕೊಟ್ಟಿಲ್ಲ. ಕೊಡ್ತೀನಿ ಅಂತ ಸೋಮವಾರ ಅಂದ್ಲು, ಬೇಡ ಅಂತ ಮಂಗಳವಾರ ಅಂದ್ಲು, ನಾನು ಎರಡು ಸಲನೂ ಸರಿ ಅಂದೆ. ನಿನ್ನೆ ಅವಳೇ ಅಲ್ಲಿಯ ವಕೀಲ ಮೇಡಂಗೆ ಫೋನ್ ಮಾಡಿ ಅಮ್ಮನಿಗೆ ಮೊದ್ಲು ಹೇಳ್ಬೇಕು, ನೀವು ಪಕ್ಕದಲ್ಲಿ ಇರ್ತೀರಾ ಅಂತ ಕೇಳಿದಾಳೆ. ಭಾನುವಾರ ಅವ್ರಮ್ಮ ಬರ್ತಿದಾರೆ, ಬೆಳಿಗ್ಗೆ ಐದೂವರೆಗೆ ಟ್ರೈನು. ನಾವಿಬ್ರೂ ಸ್ಟೇಷನ್‌ಗೆ ಹೋಗ್ತಿದೀವಿ.